ಮೇವಿನಲ್ಲಿ ಕೊಬ್ಬು: ಮಿತಿ ದಾಟಿದರೆ ತೂಕ ನಿಲ್ಲುತ್ತದೆ

ಮಾಂಸಕ್ಕೆ ಸಾಕುವ ದನಗಳ ಮೇವಿಗೆ ಎಣ್ಣೆ ಸೇರಿಸಿದರೆ ತೂಕ ಏರಿ ಮೀಥೇನ್ ಇಳಿಯುತ್ತದೆಯೇ ಎಂದು ಕೇಳಿದ್ದೀರಿ. ಮೀಥೇನ್ ಇಳಿಯುವುದು ನಿಜ ಸರ್. ತೂಕ ಮಾತ್ರ ನೀವು ಹಾಕುವ ಪ್ರಮಾಣವನ್ನು ಅವಲಂಬಿಸಿದೆ.

ದನದ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮೊದಲನೆಯದಾದ ಮೊದಲ ಹೊಟ್ಟೆಯಲ್ಲಿ ನಾರು ಹುದುಗುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದರಿಂದ ಸೂಕ್ಷ್ಮಜೀವಿಗಳು ಮೀಥೇನ್ ಅನಿಲ ತಯಾರಿಸುತ್ತವೆ, ದನ ತೇಗಿ ಹೊರಹಾಕುತ್ತದೆ. ಹುಲ್ಲನ್ನೇ ನೆಚ್ಚಿದ ದನ ತಿಂದ ಶಕ್ತಿಯಲ್ಲಿ ಸುಮಾರು ಶೇ 6 ಹೀಗೇ ಪೋಲಾಗುತ್ತದೆ. ದುಡ್ಡು ಕೊಟ್ಟು ತಂದ ಮೇವಲ್ಲವೇ ಅದು! ಎಣ್ಣೆಯೂ ಕೊಬ್ಬೇ, ಕೊಬ್ಬು ಅಲ್ಲಿ ಹುದುಗುವುದಿಲ್ಲ. ಮೇಲಾಗಿ, ಮೀಥೇನ್ ತಯಾರಕರಿಗೆ ಆಸರೆಯಾದ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳನ್ನೂ ತಗ್ಗಿಸುತ್ತದೆ. ಒಣ ತೂಕದ ಲೆಕ್ಕದಲ್ಲಿ ಕೊಬ್ಬು ಶೇ 1 ಹೆಚ್ಚಿದರೆ ಮೀಥೇನ್ ಸುಮಾರು ಶೇ 3ರಿಂದ 5 ಇಳಿಯುತ್ತದೆ.

ಹಾಗೆಂದು ಸುರಿಯಬೇಡಿ. ಒಟ್ಟು ಕೊಬ್ಬು ಶೇ 6 ದಾಟಿದರೆ ನಾರು ಕರಗಿಸುವ ಬ್ಯಾಕ್ಟೀರಿಯಾಗಳೇ ಸೊರಗುತ್ತವೆ, ದನ ಮೇವು ಬಿಡುತ್ತದೆ. ಆಗ ಮೀಥೇನ್ ಇಳಿದರೂ ಅದು ತಿನ್ನದ್ದರಿಂದ ಇಳಿದದ್ದು. ನನ್ನ ಮಟ್ಟಿಗೆ ಅದು ಲಾಭವೇ ಅಲ್ಲ. ಒಂದು ಕಿಲೋ ತೂಕ ಏರಲು ಎಷ್ಟು ಮೇವು ಹಿಡಿಯಿತು ಎಂಬುದನ್ನೇ ನೋಡಿ.

ಲೆಕ್ಕ ಹೀಗೆ ಹಾಕಿ. 300 ಕಿಲೋ ತೂಗುವ ಹೋರಿ ದಿನಕ್ಕೆ 7 ಕಿಲೋ ಒಣ ಮೇವು ತಿನ್ನುತ್ತದೆ ಎನ್ನೋಣ. ಅದರಲ್ಲಿ ಮೊದಲೇ ಶೇ 3 ಕೊಬ್ಬಿದ್ದರೆ 210 ಗ್ರಾಂ ಆಯಿತು. ಶೇ 6ಕ್ಕೆ ಒಟ್ಟು 420 ಗ್ರಾಂ, ಅಂದರೆ ಉಳಿದ ಜಾಗ 210 ಗ್ರಾಂ ಮಾತ್ರ. ಇಡೀ ಹತ್ತಿಕಾಳಿನಲ್ಲಿ ಕೊಬ್ಬು ಐದನೇ ಒಂದು ಭಾಗದಷ್ಟು. ಒಂದು ಕಿಲೋ ಕಾಳು ಹಾಕಿದರೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಅಷ್ಟನ್ನೂ ಬೇರೆ ಆಹಾರ ಕಡಿಮೆ ಮಾಡಿ ಅದರ ಬದಲಿಗೆ ಕೊಡಿ. ಹತ್ತಿಕಾಳಿನಲ್ಲಿ ಗಾಸಿಪಾಲ್ ಎಂಬ ವಿಷವಸ್ತು ಇರುವುದರಿಂದ ಎಳೆಗರುಗಳಿಗೂ ಬೀಜದ ಹೋರಿಗಳಿಗೂ ಬೇಡ.

ಎಣ್ಣೆಗಿಂತ ಕಾಳು ಒಳ್ಳೆಯದು, ಕೊಬ್ಬು ನಿಧಾನವಾಗಿ ಬಿಡುಗಡೆಯಾಗುತ್ತದೆ. ಅಗಸೆಯನ್ನು ಮಾತ್ರ ಜಜ್ಜಿ ಕೊಡಿ, ಇಲ್ಲವಾದರೆ ಸಗಣಿಯಲ್ಲಿ ಇಡಿಯಾಗಿ ಕಾಣುತ್ತದೆ. ಬೈಪಾಸ್ ಕೊಬ್ಬು (ಮೊದಲ ಹೊಟ್ಟೆ ದಾಟಿ ಮುಂದೆ ಕರಗುವಂತೆ ಸಿದ್ಧಪಡಿಸಿದ ಕೊಬ್ಬು) ಶಕ್ತಿ ಕೊಡುತ್ತದೆ, ಆದರೆ ಮೊದಲ ಹೊಟ್ಟೆಯಲ್ಲಿ ಕರಗದ ಕಾರಣ ಮೀಥೇನ್ ಅಷ್ಟಾಗಿ ತಗ್ಗಿಸದು.

ಎರಡು ಮೂರು ವಾರ ತೆಗೆದುಕೊಂಡು ಸ್ವಲ್ಪಸ್ವಲ್ಪವೇ ಏರಿಸಿ. ಕೊಬ್ಬು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವುದರಿಂದ ಖನಿಜ ಮಿಶ್ರಣ ತಪ್ಪಿಸಬೇಡಿ. ಗೋದಲಿಯಲ್ಲಿ ಮೇವು ಉಳಿಯತೊಡಗಿದರೆ, ಸಗಣಿ ತೆಳುವಾಗಿ ಅದರಲ್ಲಿ ಉದ್ದ ನಾರಿನ ಎಳೆಗಳು ಕಂಡರೆ ಅಂದೇ ಅರ್ಧಕ್ಕೆ ಇಳಿಸಿ.