ಕೀಮೋ ಮುಗಿದ ಮೇಲೂ ಸುಸ್ತು: ಅಮ್ಮನನ್ನು ನಡೆಸಬೇಕಾ, ಮಲಗಲು ಬಿಡಬೇಕಾ?

ಕ್ಯಾನ್ಸರ್‌ಗೆ ಕೊಡುವ ಕೀಮೋ ಚಿಕಿತ್ಸೆ ಮುಗಿದು ಮೂರು ತಿಂಗಳಾದರೂ ಅಮ್ಮ ಸ್ನಾನ ಮಾಡಿದ್ದಕ್ಕೇ ದಣಿದು ಮಲಗಿಬಿಡುತ್ತಾರೆ, ಎಬ್ಬಿಸಿ ನಡೆಸಬೇಕಾ ಅಂತ ಕೇಳಿದ್ದೀರಿ. ನಡೆಸಿ, ಆದರೆ ಬಲವಂತ ಬೇಡ.

ಇದು ಸೋಮಾರಿತನ ಖಂಡಿತ ಅಲ್ಲ. ಮಾಮೂಲಿ ದಣಿವು ನಿದ್ದೆ ಮಾಡಿದರೆ ಹೋಗುತ್ತದೆ, ಈ ಸುಸ್ತು ಹೋಗುವುದಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷ ದಾಟಿಯೂ ಇರುತ್ತದೆ. ಹಾಗಂತ ದಿನವಿಡೀ ಸುಮ್ನೆ ಮಲಗಿದ್ದರೆ ಮೈಯ ಬಲ ಕುಗ್ಗಿ ಸುಸ್ತು ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಮನೆಯೊಳಗೇ ಐದು ನಿಮಿಷ ನಡೆದರೂ ಸಾಕು. ಮಾರನೇ ದಿನ ಹೇಗಿದ್ದಾರೆ ನೋಡಿಕೊಂಡು ಹೆಚ್ಚಿಸಿ. ‘ಇವತ್ತು ಚೆನ್ನಾಗಿದ್ದೀನಿ’ ಅಂತ ಬಾಕಿ ಕೆಲಸವೆಲ್ಲ ಒಂದೇ ದಿನ ಮಾಡಲು ಹೊರಟರೆ ಮಾತ್ರ ತಡೆಯಿರಿ.

ಬಚ್ಚಲಲ್ಲಿ ಜಾರದಂಥ ಒಂದು ಸ್ಟೂಲ್ ಇಡಿ. ಕೂತೇ ಸ್ನಾನ ಮಾಡಲಿ, ಕೂತೇ ಮೈ ಒರೆಸಿಕೊಳ್ಳಲಿ. ಉಳಿದ ಶಕ್ತಿ ಅವರಿಗೆ ಇಷ್ಟವಾದ ಕೆಲಸಕ್ಕಾಗುತ್ತದೆ, ಅಲ್ವಾ? ಕೆಲವು ಕೀಮೋ ಔಷಧಿಗಳಿಂದ ಕೈಕಾಲು ಜೋಮು ಹಿಡಿದಂತಿರುತ್ತದೆ, ಬಿಸಿ ಗೊತ್ತಾಗುವುದಿಲ್ಲ. ನೀರನ್ನು ನೀವೇ ಮುಟ್ಟಿ ನೋಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಬೇಕಾ ಕೇಳಿ. ನಿದ್ದೆ, ನೋವು, ಮನಸ್ಸಿನ ಬೇಸರದ ಬಗ್ಗೆಯೂ ಹೇಳಿ. ಇವುಗಳಿಗೆ ಚಿಕಿತ್ಸೆ ಇದೆ. ‘ಕೀಮೋ ಆದ ಮೇಲೆ ಹೀಗೇ’ ಅಂತ ಬಿಟ್ಟುಬಿಡಬೇಡಿ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಏದುಸಿರು, ಎದೆನೋವು ಬಂದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.