ಶಿಫ್ಟ್ ಕಿಟ್ ಹಾಕುವ ಮೊದಲು ಎಣ್ಣೆ ನೋಡಿ

2002ರ ಶೆವರ್ಲೆ ಸಿಲ್ವರಾಡೊ ಪಿಕಪ್, 4ಎಲ್60ಇ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಟ್ರೇಲರ್ ಎಳೆಯುವಾಗ 1ರಿಂದ 2ಕ್ಕೆ ಎಳೆದಾಡಿಕೊಂಡು ಬೀಳುತ್ತದೆ, ಶಿಫ್ಟ್ ಕಿಟ್ (ಗೇರ್ ಬೇಗ, ಗಟ್ಟಿಯಾಗಿ ಬೀಳುವಂತೆ ಮಾಡುವ ಬಿಡಿಭಾಗಗಳ ಸೆಟ್) ಸಾಕಾ ಅಂತ ಕೇಳಿದ್ದೀರಿ. ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಆಗಲೇ ಸವೆದಿದೆ. ಕಿಟ್ ಹಾಕುವುದು ಹೋದ ಜೀವಕ್ಕೆ ಟಾನಿಕ್ ಕೊಟ್ಟ ಹಾಗೆ.

ಎಣ್ಣೆ ಕೆಂಪಗಿದ್ದರೆ ಕಾರ್ವೆಟ್ ಸರ್ವೋದಿಂದ ಶುರು ಮಾಡಿ; ಸರ್ವೋ ಅಂದರೆ ಎಣ್ಣೆಯ ಒತ್ತಡದಿಂದ ಬ್ಯಾಂಡನ್ನು (ಡ್ರಮ್ ಸುತ್ತ ಹಿಡಿಯುವ ಪಟ್ಟಿ) ಬಿಗಿಯುವ ಭಾಗ. ಅದರ ಪಿಸ್ಟನ್ ದೊಡ್ಡದು, ಅದೇ ಒತ್ತಡದಲ್ಲಿ ಬ್ಯಾಂಡ್ ಬಿಗಿಯಾಗಿ ಹಿಡಿಯುತ್ತದೆ, 2ನೇ ಗೇರ್ ಗಟ್ಟಿಯಾಗಿ ಬೀಳುತ್ತದೆ. ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಖರ್ಚೂ ಕಡಿಮೆ. ಶಿಫ್ಟ್ ಬೇಗ ಮುಗಿದಷ್ಟೂ ಕ್ಲಚ್ ಜಾರುವುದು ಕಡಿಮೆ, ಬಿಸಿಯೂ ಕಡಿಮೆ. ಹಾಗಂತ ಪ್ರತಿ ಗೇರಿಗೂ ಬೆನ್ನಿಗೆ ಗುದ್ದು ಬೀಳುವಷ್ಟು ಬಿಗಿ ಮಾಡಬೇಡಿ (ಹುಡುಗರಿಗೆ ಅದೇ ಖುಷಿ, ಗೊತ್ತು). ಈ ಬಾಕ್ಸ್‌ನ ಸನ್ ಶೆಲ್ (ನಡುವಿನ ಸನ್ ಗೇರಿಗೆ ಜೋಡಿಸಿದ ಡಬ್ಬಿಯಂಥ ಲೋಹದ ಭಾಗ) ಮೊದಲೇ ದುರ್ಬಲ. ಅದು ಮುರಿದರೆ 2, 4 ಮತ್ತು ರಿವರ್ಸ್ ಮೂರೂ ಒಟ್ಟಿಗೇ ಹೋಗುತ್ತವೆ.

ನನ್ನನ್ನು ಕೇಳಿದರೆ ಕಿಟ್‌ಗಿಂತ ಮುಂಚೆ ಹೊರಗಿನ ದೊಡ್ಡ ಆಯಿಲ್ ಕೂಲರ್ ಹಾಕಿಸಿ. ಟ್ರೇಲರ್ ಎಳೆಯುವಾಗ ಓವರ್‌ಡ್ರೈವ್ (4ನೇ ಗೇರ್) ಬಿಟ್ಟು 3ರಲ್ಲೇ ಓಡಿಸಿ. 3-4 ಕ್ಲಚ್ ಪ್ಯಾಕ್ (3 ಮತ್ತು 4ನೇ ಗೇರಿನ ಕ್ಲಚ್ ಪ್ಲೇಟುಗಳ ಕಟ್ಟು) ಬದಲಿಸಬೇಕು ಅಂದರೆ ಮಾತ್ರ ಬಾಕ್ಸ್ ಇಳಿಸಲೇಬೇಕು. ಆಗ ಗಟ್ಟಿ ಸನ್ ಶೆಲ್ ಕೂಡ ಹಾಕಿಸಿಬಿಡಿ.