35 ಪೌಂಡಿನ ಕಿಲ್ಟ್ ಕೊಳ್ಳುವ ಮುಂಚೆ ಹಿಂಭಾಗದ ಫೋಟೊ ಕೇಳಿ

ಗೆಳೆಯನ ಮದುವೆಗೆ ಗ್ಲಾಸ್ಗೋಗೆ ಹೊರಟಿದ್ದೀರಿ. ಆನ್‌ಲೈನಿನಲ್ಲಿ 35 ಪೌಂಡಿಗೆ "ರಾಯಲ್ ಸ್ಟುವರ್ಟ್, 8 ಗಜ, ಅಪ್ಪಟ ಟಾರ್ಟನ್" ಕಿಲ್ಟ್ ಕಂಡಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು, ಟಾರ್ಟನ್ ಅಂದರೆ ಅದರ ಚೌಕುಳಿ ಬಟ್ಟೆ, ರಾಯಲ್ ಸ್ಟುವರ್ಟ್ ಅದರಲ್ಲೊಂದು ವಿನ್ಯಾಸ. ಸ್ವಲ್ಪ ತಡೀರಿ. ಅಗ್ಗದ್ದು ಕೊಳ್ಳೋದು ತಪ್ಪಲ್ಲ, ಆದರೆ ಆ ದುಡ್ಡಿಗೆ 8 ಗಜ ಉಣ್ಣೆ ಬರೋದಿಲ್ಲ.

ಮೊದಲು ತೂಕ ಕೇಳಿ. ಒಳ್ಳೆ ಕಿಲ್ಟಿಗೆ ಬಳಸೋದು ಗಜಕ್ಕೆ 13 ಅಥವಾ 16 ಔನ್ಸ್ ತೂಗುವ ಉಣ್ಣೆ. ಆ ಲೆಕ್ಕ ಇಬ್ಬಗಲದ, ಅಂದರೆ ಎರಡು ಪಟ್ಟು ಅಗಲದ ಬಟ್ಟೆಯದು. 4 ಗಜ ತಂದು ಉದ್ದುದ್ದ ಸೀಳಿ ಜೋಡಿಸಿದರೆ 8 ಗಜ. 13 ಔನ್ಸಿನದ್ದಾದರೂ ಬಟ್ಟೆಯೇ ಹತ್ತಿರಹತ್ತಿರ ಒಂದೂವರೆ ಕಿಲೊ ಆಗುತ್ತೆ. ಮಾರುವವರು ಮುಕ್ಕಾಲು ಕಿಲೊ ಅಂದರೆ, ಒಂದೋ ಗಜ ಕಮ್ಮಿ, ಇಲ್ಲಾ ಬಟ್ಟೆ ತೆಳು.

ಆಮೇಲೆ ಹಿಂಭಾಗದ ಫೋಟೊ. ಕಿಲ್ಟಿನ ಜೀವ ಇರೋದೇ ನೆರಿಗೆಯಲ್ಲಿ. ನೆರಿಗೆ ಮುಚ್ಚಿದ ಮೇಲೂ ಮುಂದಿನ ಚೌಕುಳಿಯೇ ಹಿಂದೆಯೂ ಕೂಡಿಬರುವ ಹಾಗೆ ಮಡಿಸ್ತಾರೆ. ಇಲ್ಲವೇ ಪ್ರತಿ ನೆರಿಗೆಯ ನಡುಮಧ್ಯ ಒಂದೇ ಗೆರೆ ಸಾಲಾಗಿ ನಿಲ್ಲೋ ಹಾಗೆ, ಅದು ಸೈನ್ಯದ ಪದ್ಧತಿ. ನಾನು ಮೊದಲು ತರಿಸಿದ್ದೂ ಅಗ್ಗದ್ದೇ. ಮೇಜಿನ ಮೇಲೆ ಮಗುಚಿ ನೋಡಿದರೆ ಹಳದಿ ಗೆರೆ ಒಂದು ನೆರಿಗೆಯಲ್ಲಿ ಅಂಚಿಗೆ, ಮುಂದಿನದರಲ್ಲಿ ನಡುವಿಗೆ, ಅದರಾಚೆಯದರಲ್ಲಿ ಇಲ್ಲವೇ ಇಲ್ಲ. ಸೊಂಟದಿಂದ ಕೆಳಗೆ ನೆರಿಗೆಗೆ ಹೊಲಿಗೆಯೂ ಇರಲಿಲ್ಲ, ಎರಡು ಸಲ ಕೂತೆದ್ದರೆ ಬಿಚ್ಚಿಕೊಂಡಿತು. ತುಂಬ ಬೇಜಾರಾಯ್ತು.

ಬಟ್ಟೆ ನೇಯ್ದದ್ದೋ ಅಚ್ಚು ಹಾಕಿದ್ದೋ ಅನ್ನೋದನ್ನೂ ನೋಡಿ. ಟಾರ್ಟನ್ನಿನಲ್ಲಿ ಸಾಮಾನ್ಯವಾಗಿ ಹಾಸಿನಲ್ಲಿರುವ ಬಣ್ಣದ ಕ್ರಮವೇ ಹೊಕ್ಕಿನಲ್ಲೂ ಇರುತ್ತೆ. ಎಳೆ ಎರಡರ ಮೇಲೆ, ಎರಡರ ಕೆಳಗೆ ಹಾಯೋದರಿಂದ, ಕೆಂಪನ್ನು ಬಿಳಿ ದಾಟುವ ಕಡೆ ಓರೆಯಾದ ಸಣ್ಣ ಸಣ್ಣ ಗೀಟು ಕಾಣುತ್ತೆ. ಅಚ್ಚಿನ ಬಟ್ಟೆ ಮಗುಚಿದರೆ ಹಿಂದೆ ಬಣ್ಣ ಮಂಕು.

ವಿನ್ಯಾಸ ಅಸಲಿಯೇ ಅನ್ನೋದಕ್ಕೆ ಸ್ಕಾಟಿಷ್ ರಿಜಿಸ್ಟರ್ ಆಫ್ ಟಾರ್ಟನ್ಸ್ ಇದೆ, 2009ರಲ್ಲಿ ಶುರುವಾದ ಸರ್ಕಾರಿ ದಾಖಲೆ. ಅಲ್ಲಿ ಹೆಸರು ಹುಡುಕಿ, ಚಿತ್ರ ಪಕ್ಕಕ್ಕಿಟ್ಟುಕೊಂಡು ಗೆರೆ ಎಣಿಸಿ. ಬಣ್ಣ ತುಸು ತಿಳಿ ಅಥವಾ ಗಾಢ ಇದ್ದರೆ ಗಾಬರಿ ಬೇಡ, ಅದು ಬಣ್ಣ ಹಾಕುವವರ ಆಯ್ಕೆ. ಗೆರೆಗಳ ಕ್ರಮ, ಒಂದಕ್ಕೊಂದರ ಅಗಲ ತಪ್ಪಿದ್ದರೆ ಮಾತ್ರ ಆ ಹೆಸರು ಅದಕ್ಕೆ ಸಲ್ಲದು.

ಸ್ಕಾಟ್ಲೆಂಡಿನ ಯಾವ ಕುಲಕ್ಕೂ (ಕ್ಲ್ಯಾನ್) ಸೇರದ ನಾವು ಉಡಬಹುದಾ ಅಂದಿರಿ. ಧಾರಾಳವಾಗಿ. ಹೈಲ್ಯಾಂಡ್ (ಸ್ಕಾಟ್ಲೆಂಡಿನ ಗುಡ್ಡನಾಡು) ಉಡುಪನ್ನು ನಿಷೇಧಿಸಿದ 1746ರ ಕಾಯಿದೆ ರದ್ದಾಗಿದ್ದು 1782ರಲ್ಲಿ. ಕುಲಕ್ಕೊಂದು ಟಾರ್ಟನ್ ಅನ್ನುವ ಪಟ್ಟಿ ಗಟ್ಟಿಯಾಗಿದ್ದು ಬಹುಮಟ್ಟಿಗೆ ಅದಾದ ಮೇಲೆ. ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಊರಿನ ವಿಲ್ಸನ್ ನೇಕಾರರು ಎಷ್ಟೋ ವಿನ್ಯಾಸಗಳಿಗೆ ಮೊದಲು ಬರೀ ನಂಬರ್ ಕೊಟ್ಟಿದ್ದರು, ಹೆಸರು ಆಮೇಲೆ ಬಂತು. ಬ್ಲ್ಯಾಕ್ ವಾಚ್, ರಾಯಲ್ ಸ್ಟುವರ್ಟ್ ವಿನ್ಯಾಸಗಳನ್ನು ಯಾರು ಉಟ್ಟರೂ ನಡೆಯುತ್ತೆ. ಬಾಲ್ಮೋರಲ್ ಟಾರ್ಟನ್ ಒಂದು ಬೇಡ, ಅದು ರಾಜಮನೆತನದ್ದು.

ನನ್ನ ಕೇಳಿದರೆ, ಕಿಲ್ಟ್ ಬಾಡಿಗೆಗೆ ಕೊಡುವ ಅಂಗಡಿಗಳು ತಮ್ಮ ಹಳೆಯ ಉಣ್ಣೆ ಕಿಲ್ಟ್‌ಗಳನ್ನು ಮಾರಾಟಕ್ಕೆ ಇಡ್ತಾವೆ, ಅದನ್ನೇ ಹುಡುಕಿ. ಅಳತೆ ಕೊಡುವಾಗ ಜೀನ್ಸ್ ಸೈಜ್ ಹೇಳಬೇಡಿ. ಟೇಪನ್ನು ಹೊಕ್ಕುಳ ಮಟ್ಟಕ್ಕೆ ಸುತ್ತಿ, ಆಮೇಲೆ ಪೃಷ್ಠದ ಅಗಲವಾದ ಕಡೆ, ಉದ್ದ ಮಂಡಿಯ ನಡುವಿನವರೆಗೆ. ಸೊಂಟ ಒಂದಿಂಚು ಆಚೀಚೆ ಆದರೆ ಬಕಲ್ ಸರಿಸಿ ಹೊಲೀಬಹುದು.